ದೀಪವಾರಿದ ಊರುಗಳು

ರಾಜ್ಯಗಳು ಹುಟ್ಟಿದುದನ್ನೂ ಅಳಿದುದನ್ನೂ ಕುರಿತ ಗ್ರಂಥಗಳು ನಮ್ಮಲ್ಲಿ ಬೇಕಾದಷ್ಟಿವೆ. ಊರುಗಳು ಹುಟ್ಟಿದ ಬಗೆಯನ್ನು ಶಾಸನಗಳು ಹೇಳುತ್ತವೆ. ಕೆರೆಯನ್ನು ಕಟ್ಟಿಸಿದವನು, ಅಗ್ರಹಾರವನ್ನು ಬಿಟ್ಟವನು, ಗಡಿಕಲ್ಲನ್ನು ನೆಡಿಸಿದವನು, ಇವರ ಹೆಸರುಗಳು ಕಲ್ಲಿನಲ್ಲಿ ಉಳಿದಿವೆ. ಆದರೆ ಊರುಗಳು ಅಳಿದ ಬಗೆಯನ್ನು ಬರೆದಿಟ್ಟವರು ವಿರಳ. ಊರನ್ನು ಬಿಟ್ಟು ಹೋಗುವವನು ಕಲ್ಲನ್ನು ಕೆತ್ತಿಸಿ ಹೋಗುವುದಿಲ್ಲ; ಕೂಸನ್ನು ಕಂಕುಳಲ್ಲಿಟ್ಟುಕೊಂಡು, ಗಂಟನ್ನು ತಲೆಯ ಮೇಲಿಟ್ಟುಕೊಂಡು, ಹಿಂತಿರುಗಿ ನೋಡದೆ ಹೋಗುತ್ತಾನೆ.

ಅಂತಹವರ ಗುರುತಾಗಿ ನಮ್ಮ ಕಂದಾಯದ ದಫ್ತರಗಳಲ್ಲಿ ಒಂದೇ ಒಂದು ಶಬ್ದವು ಉಳಿದಿರುವುದು. ಅದು ‘ಬೇಚರಾಕ್’ ಎಂಬುದು. ಗ್ರಾಮದ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ. ಆದರೆ ವಾಸದ ಮನೆಯೊಂದೂ ಇಲ್ಲ. ಇಂತಹ ಗ್ರಾಮಕ್ಕೆ ಶ್ಯಾನುಭೋಗರು ಬೇಚರಾಕ್ ಎಂದು ಬರೆಯುತ್ತಿದ್ದರು. ಪಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದುದು. ಆದಕಾರಣ ಬೇಚರಾಕ್ ಎಂದರೆ ದೀಪವಿಲ್ಲದ ಊರು. ಲೆಕ್ಕದ ಪುಸ್ತಕದಲ್ಲಿ ಇಷ್ಟು ಕರುಣವಾದ ಶಬ್ದವು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ. ಊರು ದೀಪವಿಲ್ಲದುದಾಗಲು ಕಾರಣಗಳು ಅನೇಕವಾಗಿದ್ದವು. ದಂಡು, ದರೋಡೆ, ಪ್ಲೇಗು, ಚಳಿಜ್ವರ ಇವೆಲ್ಲವೂ ಊರುಗಳನ್ನು ಬರಿದುಮಾಡಿದವು. ಆದರೆ ನಮ್ಮ ಬಯಲುಸೀಮೆಯಲ್ಲಿ ಇವೆಲ್ಲಕ್ಕೂ ಹಿರಿಯದು ಬರಗಾಲವೇ. ಮಳೆಯು ತಪ್ಪಿದುದರಿಂದ ನೆಲೆ ತಪ್ಪಿದವರ ಚರಿತ್ರೆಯನ್ನು, ನಮ್ಮ ಜಿಲ್ಲೆಯನ್ನು ಮುಖ್ಯವಾಗಿಟ್ಟುಕೊಂಡು, ವಾಚಕ ಮಹಾಶಯರ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶವು.

ಮೊದಲು ನೆಲದ ಸ್ವಭಾವವನ್ನು ತಿಳಿಯಬೇಕು. ಪಡುವಣ ಕಡಲಿನಿಂದ ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಮೇಲೆಯೇ ತಮ್ಮ ಭಾರವನ್ನು ಇಳುಹಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ೨೫೦ ಅಂಗುಲಕ್ಕೂ ಮಿಗಿಲಾಗಿ ಮಳೆ ಸುರಿಯುವಲ್ಲಿ, ಹಿರಿಯೂರು ತಾಲ್ಲೂಕಿನಲ್ಲಿ ೨೫ ಅಂಗುಲಗಳೂ ಬೀಳುವುದಿಲ್ಲ. ಬಾಬಾಬುಡನ್ ಗಿರಿಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ ನಮ್ಮ ಜಿಲ್ಲೆಯನ್ನು ಹೊಗುತ್ತವೆ. ಅತ್ತ ಸುವರ್ಣಮುಖಿಯು ಜವನಗೊಂಡನಹಳ್ಳಿಯ ಸೀಮೆಯನ್ನು ಹಾದು ಬಂದು ಕೂಡಲಹಳ್ಳಿಯಲ್ಲಿ ವೇದಾವತಿಯನ್ನು ಸೇರುತ್ತದೆ. ಹೆಸರುಗಳು ಎಷ್ಟು ಪವಿತ್ರವಾಗಿದ್ದರೂ ವರ್ಷದ ಹೆಚ್ಚು ದಿನಗಳಲ್ಲಿ ಇವು ಮರಳಿನ ಹೊಳೆಗಳೇ. ನಮ್ಮ ಜಿಲ್ಲೆಯ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಒಂದಾದ ಚಂದ್ರವಳ್ಳಿಯ ಮಯೂರಶರ್ಮನ ಶಾಸನವು ಒಂದು ತಟಾಕವನ್ನು ಕುರಿತುದಾಗಿರುವುದು ಆಕಸ್ಮಿಕವಲ್ಲ. ಸುಮಾರು ಒಂದು ಸಾವಿರದ ಆರುನೂರು ವರ್ಷಗಳಿಗೂ ಹಿಂದೆ ಈ ನಾಡಿನಲ್ಲಿ ಅರಸನೆಂದರೆ ನೀರನ್ನು ನಿಲ್ಲಿಸಬಲ್ಲವನು ಎಂದೇ ಅರ್ಥವಾಗಿದ್ದಿತು.

ಇಂತಹ ನೆಲದಲ್ಲಿ ಜನರು ಚಲಿಸುವುದು ಹೊಸದಲ್ಲ. ಕಾಡುಗೊಲ್ಲರ ಹಟ್ಟಿಗಳೂ, ಮ್ಯಾಸಬೇಡರ ದೇವರ ಎತ್ತುಗಳ ಕಿಲಾರಗಳೂ ಮೇವಿರುವ ಕಡೆಗೆ ಹೋಗಿ ಮಳೆ ಬಂದಮೇಲೆ ಮರಳುತ್ತಿದ್ದವು. ಅಮೃತಮಹಲ್ ದನಗಳಿಗಾಗಿ ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯ ಹುಲ್ಲುಗಾವಲುಗಳು ಗೊತ್ತಾಗಿದ್ದವು. ಇದು ಸಂಚಾರವೇ ಹೊರತು ನಿರ್ವಾಸನವಲ್ಲ. ಹೋಗುವ ದಾರಿ ಗೊತ್ತು, ಮರಳುವ ಕಾಲ ಗೊತ್ತು, ಹಟ್ಟಿಯ ದೇವರು ಕಾದಿರುತ್ತಾನೆ. ಮರಳುವ ಆಸೆಯೇ ಇಲ್ಲದೆ ಹೊರಡುವುದು ಬೇರೆಯ ಮಾತು. ಈ ಎರಡನ್ನೂ ಒಂದೇ ‘ವಲಸೆ’ ಎಂಬ ಶಬ್ದದಿಂದ ಕರೆಯುವ ಕಾರಣದಿಂದ ನಮ್ಮ ವಿಚಾರದಲ್ಲಿ ಎಷ್ಟೋ ಗೊಂದಲವುಂಟಾಗಿದೆ.

ನಮ್ಮ ಪೂರ್ವಿಕರು ಈ ವಿಪತ್ತನ್ನು ಚೆನ್ನಾಗಿ ಅರಿತಿದ್ದರು. ದೇಶಕ್ಕೆ ಬರುವ ಆರು ಈತಿಬಾಧೆಗಳನ್ನು ಎಣಿಸುವಾಗ ಅವರು ಅತಿವೃಷ್ಟಿ ಅನಾವೃಷ್ಟಿಗಳನ್ನೇ ಮೊದಲು ಹೇಳಿ, ಇಲಿ, ಮಿಡತೆ, ಗಿಳಿಗಳನ್ನೂ ನೆರೆಯ ಅರಸರನ್ನೂ ಆಮೇಲೆ ಹೇಳಿದರು. ಮಹಾಭಾರತದ ಶಲ್ಯಪರ್ವದಲ್ಲಿ ಸಾರಸ್ವತ ಮುನಿಯ ಕಥೆಯಿದೆ. ಹನ್ನೆರಡು ವರ್ಷ ಮಳೆಯಿಲ್ಲದೆ ಸರಸ್ವತೀ ತೀರದ ಋಷಿಗಳೆಲ್ಲರೂ ಹಸಿವಿನಿಂದ ದಿಕ್ಕುದಿಕ್ಕಿಗೆ ಚದುರಿಹೋದರು. ನದಿಯು ಕೊಟ್ಟ ಮೀನಿನಿಂದ ಪ್ರಾಣಧಾರಣೆ ಮಾಡಿಕೊಂಡು ನಿಂತವನು ಸಾರಸ್ವತನೊಬ್ಬನೇ. ಮಳೆ ಬಂದ ಮೇಲೆ ಮರಳಿದ ಋಷಿಗಳು ನೋಡಿಕೊಂಡರೆ ಅವರಿಗೆ ವೇದವೇ ಮರೆತುಹೋಗಿದ್ದಿತು! ಆ ವೃದ್ಧರೆಲ್ಲರೂ ಬಾಲನಾದ ಸಾರಸ್ವತನ ಶಿಷ್ಯರಾಗಿ ಮತ್ತೆ ಕಲಿಯಬೇಕಾಯಿತು. ಇದನ್ನು ಪುರಾಣವೆಂದು ತಳ್ಳಿಹಾಕುವವರು ಹಾಕಲಿ. ಬರಗಾಲವು ಮೊದಲು ಅನ್ನವನ್ನೂ ಅನಂತರ ಊರನ್ನೂ ಕಡೆಗೆ ವಿದ್ಯೆಯನ್ನೂ ಕಸಿದುಕೊಳ್ಳುತ್ತದೆಂಬ ಕ್ರಮವು ಇದರಲ್ಲಿ ಯಥಾವತ್ತಾಗಿ ಹೇಳಲ್ಪಟ್ಟಿದೆ.

ಕೌಟಿಲ್ಯನಾದರೋ ಕಥೆಯನ್ನು ಹೇಳುವವನಲ್ಲ. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ದುರ್ಭಿಕ್ಷದ ಪ್ರತೀಕಾರವನ್ನು ಅವನು ಪಟ್ಟಿಮಾಡಿದ್ದಾನೆ. ರಾಜನು ಬೀಜವನ್ನೂ ಆಹಾರವನ್ನೂ ಕೊಟ್ಟು ಪ್ರಜೆಗಳನ್ನು ಅನುಗ್ರಹಿಸಬೇಕು, ಕೋಟೆ ಕಟ್ಟೆಗಳ ಕೆಲಸವನ್ನು ಕೊಟ್ಟು ಕೂಲಿಯನ್ನು ಕೊಡಬೇಕು, ಇದ್ದುದನ್ನು ಹಂಚಬೇಕು. ಇವಾವುದೂ ಸಾಲದಿದ್ದರೆ ಜನಪದದೊಡನೆ ತಾನೂ ಪೈರು ಬೆಳೆದಿರುವ ಬೇರೆ ದೇಶಕ್ಕೆ ಹೋಗಬೇಕು, ಇಲ್ಲವೆ ನೀರಿರುವ ತೀರಗಳನ್ನು ಆಶ್ರಯಿಸಬೇಕು. ಇದರಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಊರನ್ನು ಬಿಡುವುದು ಎಲ್ಲಕ್ಕಿಂತ ಕಡೆಯ ಉಪಾಯವೆಂಬುದು ಒಂದು. ಬಿಡಬೇಕಾಗಿ ಬಂದಾಗ ರಾಜನು ಪ್ರಜೆಗಳೊಡನೆ ಹೋಗಬೇಕೆಂಬುದು ಇನ್ನೊಂದು. ಜನರು ತಾವಾಗಿ ಹೋಗಲಿ, ಬಂದರೆ ಬರಲಿ ಎಂಬ ಉದಾಸೀನಕ್ಕೆ ಅವನಲ್ಲಿ ಸ್ಥಳವಿಲ್ಲ.

ಕರ್ಣಾಟಕದ ಚರಿತ್ರೆಯು ಒಂದು ಮಹಾವಲಸೆಯ ನೆನಪಿನೊಡನೆ ಹೆಣೆದುಕೊಂಡಿರುವುದು ಓದುಗರಿಗೆ ವಿದಿತವಾಗಿಯೇ ಇದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕ್ರಿ. ಶ. ಸುಮಾರು ೬೦೦ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ವಿಷಮಕಾಲವನ್ನು ನಿಮಿತ್ತಗಳಿಂದ ಮೊದಲೇ ಅರಿತು ತಿಳಿಸಲು, ಸಂಘವೆಲ್ಲವೂ ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು, ಧನಧಾನ್ಯಗಳಿಂದಲೂ ಗೋಮಹಿಷಗಳಿಂದಲೂ ತುಂಬಿದ ಜನಪದವನ್ನು ಸೇರಿತೆಂದು ಅದು ಹೇಳುತ್ತದೆ. ಆ ಭದ್ರಬಾಹು ಯಾರು, ಚಂದ್ರಗುಪ್ತನು ಅವನೊಡನೆ ಬಂದನೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಆ ವಿವಾದವು ಇಲ್ಲಿ ಬೇಕಾಗಿಲ್ಲ. ಬರಗಾಲದಿಂದ ನೆಲೆ ತಪ್ಪಿ ಬಂದವರನ್ನು ಈ ನಾಡು ಬರಮಾಡಿಕೊಂಡಿತು ಎಂಬ ನೆನಪನ್ನು ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆಯಿಸಿದರು ಎಂಬುದೇ ಮುಖ್ಯ. ಹೀಗೆ ಬಂದವರಿಂದ ನಮ್ಮ ನಾಡಿಗೆ ಒಂದು ದರ್ಶನವೂ, ಮುಂದೆ ಒಂದು ಸಾಹಿತ್ಯಪರಂಪರೆಯೂ ದೊರೆತವು. ವಲಸೆ ಬಂದವನು ಹೊರೆಯೆಂದು ತಿಳಿಯುವವರು ಇದನ್ನು ಮರೆಯಲಾಗದು.

ನಾಡೇ ಬರಿದಾದ ಉದಾಹರಣೆಗಳೂ ಇವೆ. ೧೩೯೬ರಲ್ಲಿ ದಖ್ಖಣದಲ್ಲಿ ಆರಂಭವಾಗಿ ಹನ್ನೆರಡು ವರ್ಷಗಳವರೆಗೆ ನಡೆಯಿತೆಂದು ಪರಂಪರೆಯು ಹೇಳುವ ದುರ್ಗಾದೇವಿ ಬರವು ಊರೂರುಗಳನ್ನೇ ಅಳಿಸಿತೆಂದು ಇತಿಹಾಸಕಾರರು ಬರೆದಿದ್ದಾರೆ. ಈಚೆಗೆ ಶಾಸ್ತ್ರಜ್ಞರು ಗುಹೆಗಳಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣಕಲ್ಲಿನ ಪದರಗಳನ್ನು ಪರೀಕ್ಷಿಸಿ, ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಮುಂಗಾರು ಹಲವು ವರ್ಷ ಕುಗ್ಗಿದ್ದಿತೆಂದು ಕಂಡುಹಿಡಿದಿರುವರು. ಜನರ ಬಾಯಿಮಾತಿಗೆ ಕಲ್ಲೇ ಸಾಕ್ಷಿಯಾದಂತಾಯಿತು.

ಇನ್ನು ನಮ್ಮ ಅಜ್ಜ ಮುತ್ತಜ್ಜಂದಿರ ಕಾಲಕ್ಕೆ ಬರೋಣ. ೧೮೭೬ರಲ್ಲಿ ಧಾತು ಸಂವತ್ಸರ, ೧೮೭೭ರಲ್ಲಿ ಈಶ್ವರ ಸಂವತ್ಸರ. ಧಾತು ಈಶ್ವರದ ಬರವೆಂದರೆ ಬಯಲುಸೀಮೆಯ ಮನೆಗಳಲ್ಲಿ ಮುದುಕಿಯರು ಮಕ್ಕಳಿಗೆ ಹೇಳುತ್ತಿದ್ದ ಮಾತು. ಮೈಸೂರು ಸೀಮೆಯು ಆಗ ಕಮಿಷನರರ ಆಡಳಿತದಲ್ಲಿದ್ದಿತು. ೧೮೭೫ರಲ್ಲಿ ಅರೆಯಾದ ಮಳೆಯು ೧೮೭೬ರಲ್ಲಿ ಪೂರ್ತಿಯಾಗಿ ತಪ್ಪಿತು. ೧೮೭೭ರ ಮುಂಗಾರೂ ಕೈಕೊಟ್ಟಿತು. ಕೋಲಾರ, ತುಮಕೂರು, ಚಿತ್ರದುರ್ಗಗಳಂತಹ ಮೂಡಣ ಸೀಮೆಗಳಿಗೆ ಪೆಟ್ಟು ಹೆಚ್ಚಾಗಿ ಬಿದ್ದಿತು. ಮದ್ರಾಸಿನಿಂದ ಬೆಂಗಳೂರಿನವರೆಗೆ ೧೮೬೪ರಿಂದಲೇ ರೈಲಿದ್ದಿತು. ಧಾನ್ಯವು ಅಲ್ಲಿಯವರೆಗೆ ಬಂದಿತು. ಅಲ್ಲಿಂದಾಚೆಗೆ ರೈಲಿಲ್ಲ, ಬಂಡಿಗಳಿದ್ದವು, ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಧಾನ್ಯವು ಜನರ ಬಳಿಗೆ ಹೋಗದಿದ್ದಾಗ ಜನರೇ ಧಾನ್ಯದ ಬಳಿಗೆ ಹೊರಟರು. ಹಿರಿಯೂರಿನಿಂದ ಜವನಗೊಂಡನಹಳ್ಳಿ, ಸಿರಾ, ತುಮಕೂರುಗಳ ಮೇಲೆ ಬೆಂಗಳೂರಿಗೆ ಸುಮಾರು ನೂರು ಮೈಲಿ. ಇಂದು ಎರಡು ಮೂರು ಗಂಟೆಗಳಲ್ಲಿ ಮೋಟಾರಿನಲ್ಲಿ ದಾಟುವ ಈ ದಾರಿಯು, ಗಂಜಿಯ ಕೇಂದ್ರಗಳನ್ನು ಹುಡುಕಿಕೊಂಡು ಕಾಲುನಡಿಗೆಯಲ್ಲಿ ಹೊರಟ ಬಡಕಲು ದೇಹಗಳಿಗೆ ಎಷ್ಟು ದೀರ್ಘವಾಗಿದ್ದಿತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಫಲವು ಜನಗಣತಿಯಲ್ಲಿದೆ. ೧೮೭೧ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ಹೆಚ್ಚಬೇಕಾಗಿದ್ದ ಸಂಖ್ಯೆಯಲ್ಲಿ ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಮೇಲ್ಪಟ್ಟು ಕಡಮೆಯಾಯಿತು. ಎಂದರೆ ಆರು ಮಂದಿಗೆ ಒಬ್ಬನಿಗಿಂತಲೂ ಸ್ವಲ್ಪ ಹೆಚ್ಚು. ಇವರಲ್ಲಿ ಸತ್ತವರೆಷ್ಟು, ದೇಶಾಂತರ ಹೋದವರೆಷ್ಟು ಎಂಬುದನ್ನು ಆ ಅಂಕಿಗಳು ಬಿಡಿಸಿ ಹೇಳವು. ಲೆಕ್ಕದಲ್ಲಿ ಇಬ್ಬರೂ ಒಂದೇ.

ಮತ್ತೊಂದು ಸಂಗತಿ. ಸಂವತ್ಸರಚಕ್ರವನ್ನು ಹಿಂದಕ್ಕೆ ಎಣಿಸಿದರೆ ದುರ್ಗಾದೇವಿ ಬರವು ಮೊದಲಾದ ೧೩೯೬ನೆಯ ವರ್ಷವೂ ಧಾತುವೇ ಆಗುತ್ತದೆ. ಧಾತುವೆಂದರೆ ಜನರು ಭಯಪಡುತ್ತಿದ್ದುದಕ್ಕೆ ಇದೊಂದು ಒತ್ತಾಸೆಯಾಗಿ ಕಾಣಬಹುದು. ಆದರೆ ೧೯೩೬ರಲ್ಲಿಯೂ ೧೯೯೬ರಲ್ಲಿಯೂ ಧಾತುವು ಬಂದು ಹೋಯಿತು, ಅಂತಹ ಪ್ರಳಯವಾಗಲಿಲ್ಲ. ದೋಷವು ಸಂವತ್ಸರದ ಹೆಸರಿನಲ್ಲಿಲ್ಲ, ಸಮುದ್ರದಲ್ಲಿದೆ. ಪೆಸಿಫಿಕ್ ಮಹಾಸಾಗರದ ಮೂಡಣ ಭಾಗದ ನೀರು ಕೆಲವು ವರ್ಷಗಳಿಗೊಮ್ಮೆ ಮಿತಿಮೀರಿ ಬಿಸಿಯಾಗುತ್ತದೆ; ಇದಕ್ಕೆ ‘ಎಲ್ ನಿನೋ’ ಎಂದು ಹೆಸರು. ಆಗ ಗಾಳಿಯ ಗತಿಯು ಪಲ್ಲಟವಾಗಿ ನಮ್ಮ ಮುಂಗಾರು ಅನೇಕ ವೇಳೆ ಬಲಗುಂದುತ್ತದೆ. ೧೮೭೬ರಿಂದ ೧೮೭೮ರವರೆಗೆ ಉಂಟಾದುದು ಅತಿ ಪ್ರಬಲವಾದವುಗಳಲ್ಲಿ ಒಂದು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿಯೂ ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿಯೂ ಲಕ್ಷಾಂತರ ಜನರು ಹಸಿವಿನಿಂದ ಸತ್ತರು, ಊರುಗಳನ್ನು ಬಿಟ್ಟರು. ಈ ಸಮುದ್ರ ವಾಯುಗಳ ತೂಗಾಟವನ್ನು ಗುರುತಿಸಿದವರಲ್ಲಿ ಮುಖ್ಯನಾದ ಗಿಲ್ಬರ್ಟ್ ವಾಕರನು ೧೯೦೪ರಿಂದ ೧೯೨೪ರವರೆಗೆ ಇಂಡಿಯಾ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದವನು. ನಮ್ಮ ಬರಗಳ ಕಾರಣವನ್ನು ಹುಡುಕಹೊರಟೇ ಅವನು ಜಗತ್ತಿನ ರಹಸ್ಯವೊಂದನ್ನು ಕಂಡನು.

ಆ ಕ್ಷಾಮದ ಪಾಠದಿಂದ ಎರಡು ಕಾರ್ಯಗಳಾದವು. ಬೆಂಗಳೂರು ಮೈಸೂರುಗಳ ನಡುವಣ ರೈಲು ದಾರಿಯು ಕ್ಷಾಮನಿವಾರಣೆಯ ಕೆಲಸವಾಗಿ ಆರಂಭವಾಗಿ ೧೮೮೨ರಲ್ಲಿ ಮುಗಿಯಿತು. ನಮ್ಮ ಜಿಲ್ಲೆಯಲ್ಲಿ ವೇದಾವತಿಗೆ ಮಾರಿಕಣಿವೆಯ ಕಟ್ಟೆಯನ್ನು ಕಟ್ಟಿದರು. ೧೮೯೮ರಲ್ಲಿ ಮೊದಲಾಗಿ ೧೯೦೭ರಲ್ಲಿ ಮುಗಿದ ಈ ಕಟ್ಟೆಯು ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತಿರುವುದು. ಸುಮಾರು ೩೦ ಟಿ. ಎಂ. ಸಿ., ಎಂದರೆ ಮೂರು ಸಾವಿರ ಕೋಟಿ ಘನ ಅಡಿಗಳಷ್ಟು ನೀರನ್ನು ಹಿಡಿಯಬಲ್ಲ ಈ ಸಾಗರವು ಬರದಿಂದ ಜನರು ಚದುರುವುದನ್ನು ತಡೆಯಲೆಂದು ಆದುದು. ಆದರೆ ಕಟ್ಟೆಯೂ ಕೆಲವರನ್ನು ಎಬ್ಬಿಸಿಯೇ ನಿಲ್ಲುತ್ತದೆ. ಕಣಿವೆಯ ಒಳಗಿದ್ದ ಹಳ್ಳಿಗಳವರು ಮೇಲಕ್ಕೆ ಹೋಗಬೇಕಾಯಿತು. ಕೆಳಗಿನ ನಾಲೆಗಳ ಪ್ರದೇಶಕ್ಕೆ ಒಕ್ಕಲುಗಳು ಬಂದು ನೆಲೆಸುವುದಕ್ಕೆ ಚಳಿಜ್ವರವು ಬಹುಕಾಲ ವಿಘ್ನವಾಗಿದ್ದಿತು. ಅದು ಹಿಂಜರಿದ ಮೇಲೆಯೇ ಹಿರಿಯೂರಿನ ತೆಂಗಿನ ತೋಟಗಳು ಹೆಸರಾದುದು.

ಈ ಸಾಗರದ ಮುಂದಿನ ಚರಿತ್ರೆಯೇ ನಮ್ಮ ಕಾಲದ ಕಥೆಯನ್ನು ಹೇಳುತ್ತದೆ. ೧೯೩೩ರಲ್ಲಿ ಅದು ತುಂಬಿ ಕೋಡಿಬಿದ್ದಿತು. ಅನಂತರ ಎಂಬತ್ತೊಂಬತ್ತು ವರ್ಷಗಳವರೆಗೆ ಕೋಡಿಯ ಮೇಲೆ ಒಂದು ಹನಿಯೂ ಹರಿಯಲಿಲ್ಲ. ಮೇಲಣ ಹೊಳೆಗಳಿಗೆ ಕೆರೆಕಟ್ಟೆಗಳು ಹೆಚ್ಚಿದವು, ಕೊಳವೆಬಾವಿಗಳು ಅಂತರ್ಜಲವನ್ನು ಹೀರಿದವು, ಮಳೆಯೂ ಮೇಲಿಂದ ಮೇಲೆ ಕೈಬಿಟ್ಟಿತು. ೨೦೧೦ರ ಅನಂತರದ ಬರಗಳ ಸಾಲಿನಲ್ಲಿ ಸಾಗರವು ತಳವನ್ನು ಮುಟ್ಟಿ, ನಾಲೆಗಳು ಒಣಗಿ, ಹಿರಿಯೂರಿನ ತೆಂಗು ಅಡಕೆಗಳ ತೋಟಗಳು ಸುಳಿಯುದುರಿ ಬೋಳಾಗಿ ನಿಂತವು. ತೆಂಗು ಒಂದು ವರ್ಷದ ಪೈರಲ್ಲ. ರಾಗಿ ಕೆಟ್ಟರೆ ಮುಂದಿನ ಮಳೆಗೆ ರಾಗಿ ಬರುತ್ತದೆ. ತೆಂಗು ಸತ್ತರೆ ಅಜ್ಜನ ದುಡಿಮೆ ಸತ್ತಂತೆ, ಮೊಮ್ಮಗನ ಅನ್ನ ಹೋದಂತೆ. ತೋಟವಿಲ್ಲದವನಿಗೆ ಊರಿನಲ್ಲಿ ಏನು ಕೆಲಸ? ಆ ವರ್ಷಗಳಲ್ಲಿ ಎಷ್ಟೋ ಮನೆಗಳ ಯುವಕರು ಬೆಂಗಳೂರಿನ ಕಟ್ಟಡಗಳಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಹೋದರು. ೧೮೭೭ರಲ್ಲಿ ನಡೆದು ಹೋದ ದಾರಿಯಲ್ಲಿಯೇ ಬಸ್ಸಿನಲ್ಲಿ ಹೋದರು ಎಂಬುದಷ್ಟೇ ಭೇದ.

೨೦೨೨ರ ಸೆಪ್ಟೆಂಬರಿನಲ್ಲಿ, ಶುಭಕೃತು ಸಂವತ್ಸರದಲ್ಲಿ, ಸಾಗರವು ಎರಡನೆಯ ಬಾರಿ ತುಂಬಿ ಕೋಡಿಬಿದ್ದಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಲಾರಂಭಿಸಿದ್ದುದೂ, ಆ ವರ್ಷದ ಮಳೆಯು ಮಿತಿಮೀರಿದುದೂ ಅದಕ್ಕೆ ಕಾರಣಗಳು. ಜಿಲ್ಲೆಯೆಲ್ಲವೂ ಹಬ್ಬದಂತೆ ಸಂತೋಷಪಟ್ಟಿತು, ಬಾಗಿನಗಳು ಅರ್ಪಿತವಾದವು. ಆದರೆ ಹೊಸದುರ್ಗದ ಕಡೆಯ ಹಿನ್ನೀರಿನ ಅಂಚಿನಲ್ಲಿ ಹೊಲತೋಟಗಳು ಮುಳುಗಿದವು, ಮನೆಗಳಿಗೆ ನೀರು ಹೊಕ್ಕಿತು. ಮೂರು ತಲೆಮಾರುಗಳಿಂದ ನೀರನ್ನೇ ಕಾಣದ ನೆಲದಲ್ಲಿ ಬದುಕನ್ನು ಕಟ್ಟಿಕೊಂಡವರು ಕೋಡಿಯ ಮಟ್ಟವನ್ನು ತಗ್ಗಿಸಿರೆಂದು ಬೇಡಿದರು. ಕೆಳಗಿನವರು ತುಂಬಿದ ಸಾಗರವೇ ಬೇಕೆಂದರು. ಇಬ್ಬರದೂ ನ್ಯಾಯವೇ. ೨೦೨೫ರ ಜನವರಿಯಲ್ಲಿ ಸಾಗರವು ಮತ್ತೊಮ್ಮೆ ಕೋಡಿಬಿದ್ದಿತು. ಈ ನಡುವೆ, ೨೦೨೩ರಲ್ಲಿ, ರಾಜ್ಯದ ೨೨೩ ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟಿದ್ದವು. ಒಂದು ವರ್ಷ ಅತಿವೃಷ್ಟಿ, ಮರುವರ್ಷ ಅನಾವೃಷ್ಟಿ. ಹಿಂದಿನವರು ಬೇರೆ ಬೇರೆಯಾಗಿ ಎಣಿಸಿದ ಎರಡು ಈತಿಗಳೂ ಜೋಡಿಯಾಗಿ ಬರಲಾರಂಭಿಸಿವೆ.

ಇದಕ್ಕೆ ಹೊಸ ಕಾರಣವೊಂದಿದೆ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಎರಡು ಶತಮಾನಗಳಿಂದ ಸುಟ್ಟ ಹೊಗೆಯು ಭೂಮಿಗೆ ಕಂಬಳಿ ಹೊದಿಸಿದಂತಾಗಿ, ಲೋಕದ ಉಷ್ಣತೆಯು ಏರುತ್ತಿದೆ. ಬಿಸಿಯಾದ ಗಾಳಿಯು ಹೆಚ್ಚು ನೀರನ್ನು ಹೊರುತ್ತದೆ. ಸುರಿದರೆ ಒಮ್ಮೆಗೇ ಸುರಿಯುತ್ತದೆ, ಇಲ್ಲವಾದರೆ ನೆಲವನ್ನು ಬೇಗ ಒಣಗಿಸುತ್ತದೆ. ಹಿಂದೆ ಬರಗಾಲವು ದೈವಾಧೀನವೆನ್ನುತ್ತಿದ್ದೆವು. ಈಗ ಅದರಲ್ಲಿ ಮನುಷ್ಯನ ಕೈಯೂ ಸೇರಿದೆ. ಆದರೆ ಸುಟ್ಟವರು ಒಬ್ಬರು, ಊರು ಬಿಡುವವರು ಮತ್ತೊಬ್ಬರು. ಪೆಸಿಫಿಕ್ ಸಾಗರದ ಟುವಾಲು ಎಂಬ ಪುಟ್ಟ ದ್ವೀಪದೇಶವು ಏರುವ ಕಡಲಿಗೆ ಅಂಜಿ ೨೦೨೩ರಲ್ಲಿ ಆಸ್ಟ್ರೇಲಿಯಾದೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡಿತು. ಅದರ ಪ್ರಕಾರ ವರ್ಷಕ್ಕೆ ೨೮೦ ಮಂದಿ ಅಲ್ಲಿಗೆ ಹೋಗಿ ನೆಲಸಬಹುದು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಹೊಸ ಮನೆಗಳು ಕಟ್ಟಲ್ಪಟ್ಟವು. ಅವರಿಗಾದರೂ ಪಟ್ಟಿಯುಂಟು, ಹೆಸರುಂಟು. ಬರದಿಂದ ಹೊರಟವನಿಗೆ ಯಾವ ಪಟ್ಟಿಯೂ ಇಲ್ಲ. ಅವನ ಮನೆ ಬಿದ್ದಿಲ್ಲ, ಬಾಗಿಲಿಗೆ ಬೀಗವಿದೆ. ಆದುದರಿಂದ ಅವನು ನಿರಾಶ್ರಿತನೆಂದು ಯಾರೂ ಹೇಳರು. ಬೆಳೆಯ ಪರಿಹಾರವು ಭೂಮಿಯಿರುವವನಿಗೆ ಬರುತ್ತದೆ. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನೂ ಇಲ್ಲ. ನೆರೆಯು ಒಂದು ರಾತ್ರಿಯಲ್ಲಿ ಮಾಡುವುದನ್ನು ಬರವು ಹತ್ತು ವರ್ಷಗಳಲ್ಲಿ ಮಾಡುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಇದನ್ನು ಕಾಣುವ ಸ್ಥಳವೊಂದು ಶಾಲೆ. ಉಪಾಧ್ಯಾಯ ವೃತ್ತಿಯಲ್ಲಿ ಕಾಲ ಕಳೆದವರೆಲ್ಲರೂ ಇದನ್ನು ಬಲ್ಲರು. ಸುಗ್ಗಿ ಕೆಟ್ಟ ವರ್ಷ ಸಂಕ್ರಾಂತಿಯಾದ ಮೇಲೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಲ್ಲುತ್ತವೆ. ‘ತಂದೆತಾಯಿಗಳೊಡನೆ ಪರಸ್ಥಳ’ ಎಂದು ಒಂದು ಷರಾ ಬರೆದು ಮುಂದಿನ ಪುಟಕ್ಕೆ ಹೋಗುತ್ತೇವೆ. ಮಳೆ ಬಂದ ಮೇಲೆ ಮರಳಿದ ಬಾಲಕನಿಗೆ ಮಗ್ಗಿ ಮರೆತಿರುತ್ತದೆ, ಕಾಗುಣಿತ ಮರೆತಿರುತ್ತದೆ. ಸಾರಸ್ವತನ ಕಥೆಯ ಋಷಿಗಳು ಮತ್ತೆ ಕಲಿತರು. ಈ ಬಾಲಕರು ನಾಚಿಕೊಂಡು ಶಾಲೆಯನ್ನೇ ಬಿಡುತ್ತಾರೆ. ಅಂತಹ ಮಕ್ಕಳಿಗಾಗಿ ಸರ್ವ ಶಿಕ್ಷಣ ಅಭಿಯಾನದಲ್ಲಿ ಋತುಕಾಲದ ವಸತಿಗೃಹಗಳನ್ನು ನಡೆಸುವ ಏರ್ಪಾಡಿದ್ದಿತು. ತಂದೆತಾಯಿಗಳು ದುಡಿಯಹೋದರೂ ಮಕ್ಕಳು ಊರಿನಲ್ಲಿಯೇ ಉಂಡು ಓದುವುದಕ್ಕೆ ಅದರಿಂದ ಅನುಕೂಲವಾಗುತ್ತಿದ್ದಿತು. ನಮ್ಮ ಜಿಲ್ಲೆಯ ಬರದ ಹೋಬಳಿಗಳಿಗೆ ಇದಕ್ಕಿಂತ ಅವಶ್ಯಕವಾದುದು ಬೇರೊಂದಿಲ್ಲ.

ಕೌಟಿಲ್ಯನ ಪಟ್ಟಿಯು ಇಂದಿಗೂ ಹಳೆಯದಾಗಿಲ್ಲ. ಕೂಲಿಯ ಕೆಲಸವನ್ನು ಕೊಡಬೇಕೆಂಬ ಅವನ ಮಾತನ್ನು ೨೦೦೫ರ ಉದ್ಯೋಗ ಖಾತರಿ ಕಾಯಿದೆಯು ಪ್ರಜೆಯ ಹಕ್ಕಾಗಿ ಮಾಡಿತು. ಬೀಜ, ಕೂಲಿ, ಕೆರೆ ಇವು ಮೂರೂ ಸಕಾಲದಲ್ಲಿ ಒದಗಿದರೆ ಊರು ನಿಲ್ಲುತ್ತದೆ. ನಿಲ್ಲಲಾರದ ಕಡೆಯಲ್ಲಿ ಹೋಗುವವರನ್ನು ಎಣಿಸಿ, ಹೋದ ಸ್ಥಳದಲ್ಲಿ ಅವರ ಪಡಿತರಕ್ಕೂ ಮಕ್ಕಳ ಪಾಠಕ್ಕೂ ಏರ್ಪಾಡು ಮಾಡುವುದೇ ಇಂದಿನ ಕಾಲಕ್ಕೆ ರಾಜನು ಪ್ರಜೆಗಳೊಡನೆ ಹೋಗುವ ರೀತಿ.

ಸರ್ಕಾರವು ಮಾಡಬೇಕಾದುದನ್ನು ಸರ್ಕಾರವು ಮಾಡಲಿ. ಸಾಹಿತ್ಯ ಸಂಘದವರೂ ಮನೆಮನೆಯ ಓದುಗರೂ ಮಾಡಬಹುದಾದ ಕೆಲಸವೊಂದಿದೆ. ಪ್ರತಿಯೊಂದು ಹೋಬಳಿಯ ಬೇಚರಾಕ್ ಗ್ರಾಮಗಳ ಹೆಸರುಗಳನ್ನು ಬರೆದುಕೊಳ್ಳಿರಿ. ಅಲ್ಲಿಯ ಹಾಳುಗುಡಿಯ ದೇವರಿಗೆ ಇಂದಿಗೂ ಯಾವ ಊರಿನ ಯಾವ ಮನೆತನದವರು ಪೂಜೆಗೆ ಬರುತ್ತಾರೆಂದು ವಿಚಾರಿಸಿರಿ. ಊರು ಬಿಟ್ಟವರು ಎಲ್ಲಿಗೆ ಹೋದರೆಂಬುದು ಅದರಿಂದ ತಿಳಿಯುತ್ತದೆ. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ಆಹುತಿಯಾಗುವ ಮುನ್ನ ಅವುಗಳ ಷರಾಗಳನ್ನು ಸಂಗ್ರಹಿಸಿರಿ. ಹೊರಟುಹೋದವರ ಚರಿತ್ರೆಯು ಹೀಗೆ ತುಣುಕು ತುಣುಕಾಗಿಯೇ ದೊರೆಯಬೇಕಲ್ಲದೆ ಬೇರೆ ದಾರಿಯಿಲ್ಲ. ಈ ಕೆಲಸವನ್ನು ಈಗ ಮಾಡದಿದ್ದರೆ, ಇಂದು ಬೀಗ ಹಾಕಿರುವ ಮನೆಗಳ ಪಾಲಿಗೂ ನಾಳೆಯ ದಫ್ತರದಲ್ಲಿ ಆ ಒಂದೇ ಶಬ್ದವು ಉಳಿದೀತು.